ಯಾರ ಬಾಲ್ಯ, ಯಾರ ಪಾಠ?

ಮಾತಾಡುತ್ತಿರುವವರು ಇಬ್ಬರು. ಒಬ್ಬರು ಹುಣಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾಗಿ ಕೆ.ಆರ್. ನಗರದಲ್ಲಿ ನೆಲೆಸಿರುವ ಮೇಷ್ಟ್ರು. ಇನ್ನೊಬ್ಬರು ಅವರ ಹಳೆಯ ಶಿಷ್ಯೆ. ಎಚ್.ಡಿ. ಕೋಟೆ ತಾಲ್ಲೂಕಿನ ಜೇನು ಕುರುಬರ ಹಾಡಿಯಿಂದ ಬಂದು, ಎಂ.ಎ. ಮುಗಿಸಿ, ಈಗ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ.

ಮೇಷ್ಟ್ರು: ಅಮೆರಿಕನ್ ಸಾಹಿತ್ಯದ ಪತ್ರಿಕೆ ಈ ಸಲವೂ ನಿನ್ನ ಪಾಲಿಗೇ ಬಂತಂತೆ. ಸಂತೋಷ ಕಣಮ್ಮ. ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಇದೆ ತಾನೆ? ನಾನು ಬಹಳ ಇಷ್ಟಪಟ್ಟು ಪಾಠ ಮಾಡಿದ ಪುಸ್ತಕ ಅದು.

ಶಿಷ್ಯೆ: ಇದೆ ಸರ್. ನಾನು ಅದರ ಕಥೆ ಮೊದಲು ಕೇಳಿದ್ದೇ ನಿಮ್ಮ ಬಾಯಿಂದ. ಆದರೆ ಹೋದ ವರ್ಷ ಪಾಠ ಮಾಡಿ ಮುಗಿಸಿದ ಮೇಲೆ ಏನೋ ಅರ್ಧಕ್ಕೇ ನಿಂತ ಹಾಗಾಯ್ತು. ಅದನ್ನೇ ಮಾತಾಡೋಣ ಅಂತ ಬಂದೆ.

ಮೇಷ್ಟ್ರು: ಅರ್ಧಕ್ಕೆ ಯಾಕೆ ನಿಲ್ಲುತ್ತೆ? 1930ರ ದಶಕದ ಅಲಬಾಮ. ಸ್ಕೌಟ್ ಅನ್ನೋ ಪುಟ್ಟ ಹುಡುಗಿ, ಅವಳಣ್ಣ ಜೆಮ್. ಅಪ್ಪ ಅಟಿಕಸ್ ವಕೀಲ. ಮಾಡದ ತಪ್ಪಿಗೆ ಸಿಕ್ಕಿಬಿದ್ದ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್ ಪರವಾಗಿ ಅವನು ವಾದಿಸ್ತಾನೆ, ಊರು ತಿರುಗಿಬೀಳುತ್ತೆ, ತೀರ್ಪು ಟಾಮ್ ವಿರುದ್ಧವೇ ಬರುತ್ತೆ. ಹಾರ್ಪರ್ ಲೀ 1960ರಲ್ಲಿ ಪ್ರಕಟಿಸಿದ್ರು, ಮರುವರ್ಷವೇ ಪುಲಿಟ್ಜರ್ ಬಂತು. ಜಾತಿ ನೋಡ್ತಾ ಬೆಳೆದ ನಮ್ಮ ಹುಡುಗರಿಗೆ ಆ ಊರು ಹೊಸದಲ್ಲ. ವಿವರಿಸಿ ಹೇಳೋ ಅಗತ್ಯವೇ ಇರಲ್ಲ.

ಶಿಷ್ಯೆ: ಹೌದು, ಕಥೆ ಎಲ್ಲರಿಗೂ ಅರ್ಥ ಆಗುತ್ತೆ. ನನ್ನ ತರಗತಿಯಲ್ಲಿ ಗೌಡರ ಮನೆ ಮಕ್ಕಳಿದ್ದಾರೆ, ನಾಯಕರ ಮಕ್ಕಳಿದ್ದಾರೆ, ಕೇರಿಯವರಿದ್ದಾರೆ, ಹಾಡಿಯಿಂದ ಬರೋರೂ ಇದ್ದಾರೆ. ಪುಸ್ತಕ ಮುಗಿದ ದಿನ ‘ಇದು ಯಾರು ದೊಡ್ಡವರಾದ ಕಥೆ?’ ಅಂತ ಕೇಳಿದೆ. ‘ಸ್ಕೌಟ್’ ಅಂದ್ರು. ಸರಿಯಾದ ಉತ್ತರವೇ. ಹಿಂದಿನ ಬೆಂಚಿನ ಹಾಡಿ ಹುಡುಗಿಯೊಬ್ಬಳು ಮಾತ್ರ, ‘ಮಿಸ್, ಟಾಮ್ ಮಕ್ಕಳು ಆಮೇಲೆ ಏನಾದ್ರು?’ ಅಂದ್ಲು.

ಮೇಷ್ಟ್ರು: ನೀನೇನಂದೆ?

ಶಿಷ್ಯೆ: ಪುಸ್ತಕ ತೆಗೆದು ಹುಡುಕಿದೆ. ಟಾಮ್ ಸತ್ತ ಸುದ್ದಿ ತಿಳಿಸೋಕೆ ಅಟಿಕಸ್ ಅವನ ಮನೆಗೆ ಹೋಗೋ ಜಾಗ ನಿಮಗೆ ಗೊತ್ತಲ್ಲ? ಅಂಗಳದಲ್ಲಿ ಹುಡುಗರು ಗೋಲಿ ಆಡ್ತಿರ್ತಾರೆ. ಒಂದು ಪುಟ್ಟ ಹೆಣ್ಣುಮಗು ಬಾಗಿಲಿಗೆ ಬಂದು ನಿಲ್ಲುತ್ತೆ. ಅಟಿಕಸ್ ಹ್ಯಾಟು ತೆಗೆದು, ಬೆರಳು ಕೊಟ್ಟು, ಮೆಟ್ಟಿಲಿಳಿಸಿ ಅದನ್ನ ತನ್ನ ಮನೆಯ ಅಡುಗೆಯವಳು ಕ್ಯಾಲ್ಪರ್ನಿಯಾ ಕೈಗೆ ಕೊಡ್ತಾನೆ. ಅಷ್ಟೇ. ಇದನ್ನೂ ಸ್ಕೌಟ್ ಕಣ್ಣಾರೆ ಕಂಡಿಲ್ಲ, ಜೊತೆಗೆ ಹೋಗಿದ್ದ ಹುಡುಗ ಬಂದು ಹೇಳಿದ್ದು. ಅಪ್ಪನನ್ನ ಕಳಕೊಂಡ ಆ ಮಗುವಿನ ಮನಸ್ಸಿನೊಳಕ್ಕೆ ಪುಸ್ತಕ ಕಾಲಿಡೋದೇ ಇಲ್ಲ. ಅನ್ಯಾಯ ಆಗಿದ್ದು ಒಂದು ಮನೆಗೆ, ಅದರಿಂದ ಪಾಠ ಕಲಿತು ದೊಡ್ಡವರಾದದ್ದು ಇನ್ನೊಂದು ಮನೆ ಮಕ್ಕಳು. ನನ್ನ ವಿದ್ಯಾರ್ಥಿನಿ ಕೇಳಿದ್ದು ಮೊದಲನೇ ಮನೆ ಮಕ್ಕಳ ಬಗ್ಗೆ.

ಮೇಷ್ಟ್ರು: ಒಳ್ಳೆ ಪ್ರಶ್ನೆ. ಆದರೆ ಲೇಖಕಿ ಮೇಲೆ ಅದನ್ನ ತಪ್ಪು ಅಂತ ಹೊರಿಸೋದು ನ್ಯಾಯ ಅಲ್ಲ. ಬಿಳಿಯ ಹುಡುಗಿಯ ಕಣ್ಣಲ್ಲಿ ಹೇಳಿದ ಕಥೆ ಅದು. ಅವಳಿಗೆ ಕಂಡಷ್ಟೇ ಬರೋಕೆ ಸಾಧ್ಯ. ಮಾರ್ಕ್ ಟ್ವೈನ್ ಮಾಡಿದ್ದೂ ಅದನ್ನೇ. ‘ಹಕಲ್‌ಬರಿ ಫಿನ್’ ಅಮೆರಿಕದಲ್ಲಿ 1885ರಲ್ಲಿ ಬಂತು. ಓಡಿಹೋದ ಗುಲಾಮ ಜಿಮ್‌ನನ್ನ ಹಿಡಿದುಕೊಡೋಕೆ ಹಕ್ ಕಾಗದ ಬರೀತಾನೆ, ಆಮೇಲೆ ನರಕಕ್ಕೆ ಹೋದರೂ ಸರಿ ಅಂತ ಹರಿದು ಹಾಕ್ತಾನೆ. ಸಮಾಜ, ಚರ್ಚು, ಶಾಲೆ ಎಲ್ಲ ಸೇರಿ ತಲೆಗೆ ತುಂಬಿದ್ದನ್ನ ಒಬ್ಬ ಹುಡುಗ ಒಂದೇ ಗಳಿಗೆಯಲ್ಲಿ ಕೊಡವಿಕೊಳ್ತಾನಲ್ಲ, ಅದು ಸಣ್ಣ ವಿಷಯವಾ?

ಶಿಷ್ಯೆ: ಸಣ್ಣದಲ್ಲ ಸರ್. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಪುಟ ಇದೆ. ರಾತ್ರಿ ಕಾವಲು ಕೂತ ಜಿಮ್ ತನ್ನ ಮಗಳು ಎಲಿಜಬೆತ್‌ನ ನೆನೆಸಿಕೊಂಡು ಅಳ್ತಾನೆ. ಬಾಗಿಲು ಹಾಕು ಅಂದ್ರೆ ಹಾಕಲಿಲ್ಲ ಅಂತ ಆ ನಾಲ್ಕು ವರ್ಷದ ಮಗುವಿಗೆ ಹೊಡೆದಿರ್ತಾನೆ. ಜ್ವರ ಬಂದು ಅವಳ ಕಿವಿ ಹೋಗಿದೆ ಅಂತ ಆಮೇಲೆ ಗೊತ್ತಾಗುತ್ತೆ. ಆ ಪುಟಕ್ಕೆ ಬಂದಾಗ ಪಾಠ ನಿಲ್ಲಿಸ್ತೀನಿ. ಇಡೀ ನದಿ ಪ್ರಯಾಣದಲ್ಲಿ ಜಿಮ್‌ಗೂ ಒಂದು ಮನೆ, ಮಗು, ಪಶ್ಚಾತ್ತಾಪ ಇದೆ ಅಂತ ಕಾಣೋದು ಅಂಥ ಕೆಲವೇ ಕಡೆ. ಹಕ್ ಬೆಳೆದ, ಸರಿ. ಎಲಿಜಬೆತ್ ಹೇಗೆ ಬೆಳೆದಳು?

ಮೇಷ್ಟ್ರು: ಹಾಗೆ ನೋಡಿದ್ರೆ ನಮ್ಮ ‘ಚೋಮನ ದುಡಿ’ಯನ್ನೂ ಬಿಡಬೇಕಾಗುತ್ತೆ. ಕಾರಂತರು ಚೋಮನ ಕೇರಿಯವರಲ್ಲ. ನೀಲ ನೀರಲ್ಲಿ ಮುಳುಗ್ತಿದ್ರೆ ದಡದಲ್ಲಿದ್ದವರು ಮುಟ್ಟೋಕೆ ಹಿಂಜರಿದು ನಿಲ್ತಾರಲ್ಲ, ಆ ದೃಶ್ಯ ಓದಿ ಎಷ್ಟು ಜನ ಮೇಲುಜಾತಿ ಓದುಗರಿಗೆ ಎದೆ ಚುರುಕ್ ಅಂದಿರಬೇಡ?

ಶಿಷ್ಯೆ: ಬಿಡಬೇಡಿ ಸರ್, ಯಾವುದನ್ನೂ ಬಿಡಬೇಡಿ. ನಾನು ಹೇಳ್ತಿರೋದು ಇಷ್ಟೇ: ಪೂರ್ವಗ್ರಹ ಇರೋ ಊರಲ್ಲಿ ಮಕ್ಕಳು ಬೆಳೆಯೋದು ಎರಡು ದಾರಿಯಲ್ಲಿ. ಪೂರ್ವಗ್ರಹ ಯಾರಿಗೆ ಆಸ್ತಿ ಥರ ಅಪ್ಪ ತಾತನಿಂದ ಬಂದಿದೆಯೋ ಆ ಮಗು, ಲೋಕ ಅಂದುಕೊಂಡಷ್ಟು ಒಳ್ಳೇದಲ್ಲ ಅಂತ ಒಂದು ದಿನ ಕಂಡುಕೊಳ್ಳುತ್ತೆ. ಸ್ಕೌಟ್‌ಗೆ ಆಗಿದ್ದು ಅದು. ಪೂರ್ವಗ್ರಹ ಯಾರ ಮೇಲಿದೆಯೋ ಆ ಮಗುವಿಗೆ ಅದನ್ನ ಕಂಡುಕೊಳ್ಳೋ ಕೆಲಸವೇ ಇಲ್ಲ. ಶಾಲೆಗೆ ಸೇರಿದ ಮೊದಲನೇ ದಿನವೇ ಗೊತ್ತಾಗಿರುತ್ತೆ. ‘ನೀನು ಇಂಥವಳು’ ಅಂತ ಬೇರೆಯವರು ಮೊದಲೇ ಬರೆದಿಟ್ಟಿರ್ತಾರೆ. ಆ ಬರಹವನ್ನ ನಂಬದೇ ಇರೋದನ್ನ ಕಲಿಯೋದೇ ಅವಳ ಪಾಲಿಗೆ ದೊಡ್ಡವಳಾಗೋದು. ಎರಡೂ ಬೆಳವಣಿಗೆಯೇ. ನಮ್ಮ ಪಠ್ಯಗಳು ಮೊದಲನೇದನ್ನ ಮಾತ್ರ ‘ಬೆಳವಣಿಗೆಯ ಕಾದಂಬರಿ’ ಅಂತ ಕರೀತಾವೆ.

ಮೇಷ್ಟ್ರು: ಎರಡನೇ ದಾರಿಯ ಪುಸ್ತಕಗಳೂ ಅಮೆರಿಕದಲ್ಲಿ ಬೇಕಾದಷ್ಟಿವೆ. ಟೋನಿ ಮಾರಿಸನ್ ಅವರ ‘ದ ಬ್ಲೂಯೆಸ್ಟ್ ಐ’ ಇಲ್ವಾ? 1970ರದ್ದು. ತನಗೆ ನೀಲಿ ಕಣ್ಣು ಬಂದ್ರೆ ಎಲ್ಲರೂ ಪ್ರೀತಿಸ್ತಾರೆ ಅಂತ ನಂಬಿ ಬುದ್ಧಿ ಕಳಕೊಳ್ಳೋ ಪೆಕೋಲಾ ಅನ್ನೋ ಕಪ್ಪು ಹುಡುಗಿ.

ಶಿಷ್ಯೆ: ಆ ಪುಸ್ತಕ ಶುರುವಾಗೋ ರೀತಿ ನೆನಪಿದೆಯಾ? ಅಲ್ಲಿನ ಶಾಲೆಗಳ ಒಂದನೇ ಓದುಪುಸ್ತಕದ ಪಾಠ. ಚೆಂದದ ಮನೆ, ನಗೋ ಅಪ್ಪ, ಅಮ್ಮ, ಬೆಕ್ಕು, ನಾಯಿ. ಮಾರಿಸನ್ ಅದನ್ನ ಮೂರು ಸಲ ಅಚ್ಚು ಹಾಕಿಸ್ತಾರೆ. ಮೊದಲನೇ ಸಲ ಸರಿಯಾಗಿ. ಎರಡನೇ ಸಲ ಪೂರ್ಣವಿರಾಮ, ಅಲ್ಪವಿರಾಮ ಎಲ್ಲ ತೆಗೆದು. ಮೂರನೇ ಸಲ ಪದಗಳ ನಡುವೆ ಜಾಗವೂ ಇಲ್ಲದ ಹಾಗೆ ಎಲ್ಲ ಒತ್ತಿಸಿ. ಅದೇ ಅಕ್ಷರ, ಆದರೆ ಓದೋಕೆ ಹೋದ್ರೆ ಉಸಿರು ಕಟ್ಟುತ್ತೆ. ಪೆಕೋಲಾಗೆ ಆ ಪಾಠ ಹಾಗೆ ಕೇಳಿಸ್ತಿತ್ತು ಅಂತ ಬೇರೆ ಹೇಳಬೇಕಾಗಿಯೇ ಇಲ್ಲ.

ಮೇಷ್ಟ್ರು: ನಿನಗೂ ಹಾಗೆ ಕೇಳಿಸ್ತಿತ್ತಾ?

ಶಿಷ್ಯೆ: ನನ್ನ ಒಂದನೇ ತರಗತಿಯ ಪುಸ್ತಕದಲ್ಲೂ ಅಪ್ಪ ಕಚೇರಿಗೆ ಹೋಗ್ತಿದ್ದ, ಅಮ್ಮ ಹೂಗಿಡಕ್ಕೆ ನೀರು ಹಾಕ್ತಿದ್ದಳು. ನಮ್ಮಪ್ಪ ಜೇನು ಇಳಿಸ್ತಿದ್ದ. ಕಾಡಿಗೆ ಹೋಗೋದು ನಿಂತ ಮೇಲೆ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗೆ ಸೌದೆ ಹೊರ್ತಿದ್ದ. ಡಿಸೆಂಬರ್ ಬಂದ್ರೆ ಅಪ್ಪ ಅಮ್ಮ ಇಬ್ಬರೂ ಕೊಡಗಿಗೆ ಕಾಫಿ ಹಣ್ಣು ಕೊಯ್ಯೋಕೆ ಹೋಗಿ ಲೈನ್ ಮನೇಲಿರ್ತಿದ್ರು. ಹಾಡಿಯ ಅರ್ಧ ಮಕ್ಕಳು ಅವರ ಹಿಂದೆಯೇ ಹೋಗೋರು. ಜನವರಿ ತಿಂಗಳ ಹಾಜರಿ ಪುಸ್ತಕ ತೆಗೆದು ನೋಡಿದ್ರೆ ನಮ್ಮ ಹೆಸರುಗಳ ಮುಂದೆ ಸಾಲಾಗಿ ಗೈರು. ಕಾರಣ ಬರೆಯೋ ಜಾಗದಲ್ಲಿ ‘ಓದಿನಲ್ಲಿ ಆಸಕ್ತಿ ಇಲ್ಲ’ ಅಂತ ಬರೀತಿದ್ರು. ನಮ್ಮ ಬಗ್ಗೆ ನಾನು ಓದಿದ ಮೊದಲ ಕನ್ನಡ ವಾಕ್ಯ ಅದು.

ಮೇಷ್ಟ್ರು: ನಿನ್ನ ಕಥೆಗೆ ಹತ್ತಿರದ ಅಮೆರಿಕನ್ ಕಥೆ ಬೇಕಾದ್ರೆ ಕಪ್ಪು ಜನರ ಪುಸ್ತಕಕ್ಕಿಂತ ಅಲ್ಲಿನ ಮೂಲನಿವಾಸಿಗಳ ಪುಸ್ತಕ ನೋಡಬೇಕು. ಜಿಟ್ಕಲಾ ಶಾ ಓದಿದ್ದೀಯಾ?

ಶಿಷ್ಯೆ: ಓದಿದ್ದೀನಿ ಸರ್, ಎಂ.ಎ. ಮುಗಿದ ಮೇಲೆ. ನಮ್ಮ ಯಾವ ಪತ್ರಿಕೆಯಲ್ಲೂ ಅವರ ಹೆಸರಿರಲಿಲ್ಲ. 1876ರಲ್ಲಿ ಸೌತ್ ಡಕೋಟಾದ ಯಾಂಕ್ಟನ್ ಜನರಲ್ಲಿ ಹುಟ್ಟಿದವರು. ಎಂಟು ವರ್ಷದವರಿದ್ದಾಗ ಮಿಷನರಿಗಳು ಬಂದು, ಪೂರ್ವದ ಕಡೆ ಕೆಂಪು ಸೇಬಿನ ತೋಟ ಇದೆ, ಕೈಗೆ ಸಿಕ್ಕಷ್ಟು ಕಿತ್ತು ತಿನ್ನಬಹುದು ಅಂತ ಆಸೆ ತೋರಿಸಿ ಇಂಡಿಯಾನದ ವಸತಿ ಶಾಲೆಗೆ ಕರಕೊಂಡು ಹೋಗ್ತಾರೆ. ಅಲ್ಲಿ ಕೂದಲು ಕತ್ತರಿಸ್ತಾರೆ ಅಂತ ಗೊತ್ತಾದಾಗ ಮಗು ಹೋಗಿ ಮಂಚದ ಕೆಳಗೆ ಅವಿತುಕೊಳ್ಳುತ್ತೆ. ಯಾಕಂದ್ರೆ ಅವರ ಜನರಲ್ಲಿ ಕೂದಲು ಮೋಟು ಮಾಡೋದು ಸಾವಿನ ಮನೆಯವರಿಗೆ, ಇಲ್ಲ ಹೇಡಿಗಳಿಗೆ. ಎಳೆದು ತಂದು, ಕುರ್ಚಿಗೆ ಕಟ್ಟಿ ಕತ್ತರಿಸ್ತಾರೆ. 1900ರಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ಯಲ್ಲಿ ಅವರೇ ಬರೆದರು. ಹತ್ತೊಂಬತ್ತನೇ ಶತಮಾನದ ಆ ಹುಡುಗಿ ಮಂಚದ ಕೆಳಗಿಂದ ನೋಡ್ತಿರೋ ಹಾಗೆ, ಬೂಟಿನ ಸದ್ದು ಹತ್ತಿರ ಬರ್ತಿರೋ ಹಾಗೆ ಓದುವಾಗ ಅನ್ನಿಸ್ತು.

ಮೇಷ್ಟ್ರು: ಆದರೆ ಎಚ್ಚರ. 1879ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ಕಾರ್ಲೈಲ್ ಶಾಲೆ, ಅದರ ಮಾದರಿಯ ಇತರ ಶಾಲೆಗಳು, ಮೂಲನಿವಾಸಿತನ ಅಳಿಸೋದೇ ಗುರಿ ಅಂತ ಬಹಿರಂಗವಾಗಿ ಸಾರಿದ್ವು. ನಮ್ಮ ಗಿರಿಜನ ಆಶ್ರಮ ಶಾಲೆಗಳನ್ನ ಅದೇ ತಕ್ಕಡಿಗೆ ಹಾಕ್ತೀಯಾ?

ಶಿಷ್ಯೆ: ಹಾಕಲ್ಲ ಸರ್, ಹಾಕಿದ್ರೆ ಸುಳ್ಳಾಗುತ್ತೆ. ಆಶ್ರಮ ಶಾಲೆ ನನಗೆ ಮೂರು ಹೊತ್ತು ಊಟ ಕೊಡ್ತು, ಅಕ್ಷರ ಕೊಡ್ತು. ಅದಿಲ್ಲದಿದ್ರೆ ನಾನು ಇವತ್ತು ನಿಮ್ಮ ಜೊತೆ ಜಿಟ್ಕಲಾ ಶಾ ಬಗ್ಗೆ ಮಾತಾಡ್ತಿರಲಿಲ್ಲ. ಯಾರೂ ನನ್ನನ್ನ ಕುರ್ಚಿಗೆ ಕಟ್ಟಲಿಲ್ಲ. ಆದರೆ ಮನೆ ಮಾತು ಆಡಿದ್ರೆ ನಗೋರು. ಅದನ್ನ ಯಾರೂ ನಿಷೇಧಿಸಿರಲಿಲ್ಲ, ನಗು ಸಾಕಾಗ್ತಿತ್ತು. ಎರಡನೇ ತರಗತಿಗೆ ಬರೋ ಹೊತ್ತಿಗೆ ಹಾಡಿಯಲ್ಲಿ ಒಂದು ಮಾತು, ಶಾಲೆಯಲ್ಲಿ ಒಂದು ಮಾತು ಅಂತ ನಾವೇ ಗೆರೆ ಎಳೆದುಕೊಂಡಿದ್ವಿ. ‘ಮಾಕಿಂಗ್‌ಬರ್ಡ್’ನಲ್ಲಿ ನನಗೆ ತುಂಬ ಹತ್ತಿರ ಅನ್ನಿಸಿದ್ದು ಯಾರು ಗೊತ್ತಾ? ಅಡುಗೆಯ ಕ್ಯಾಲ್ಪರ್ನಿಯಾ. ಮಕ್ಕಳನ್ನ ತಮ್ಮ ಚರ್ಚಿಗೆ ಕರಕೊಂಡು ಹೋದಾಗ ಅವಳು ತನ್ನವರ ಜೊತೆ ಬೇರೆ ಥರ ಮಾತಾಡ್ತಾಳೆ. ಇವಳಿಗೆ ಇನ್ನೊಂದು ಬದುಕಿದೆ ಅಂತ ಸ್ಕೌಟ್‌ಗೆ ಅಚ್ಚರಿ. ಹಾಡಿಯ ಯಾವ ಮಗುವಿಗೂ ಅದರಲ್ಲಿ ಅಚ್ಚರಿ ಇಲ್ಲ.

ಮೇಷ್ಟ್ರು: ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ 1903ರಲ್ಲೇ ಇದನ್ನ ಬರೆದಿದ್ರಲ್ಲ. ತನ್ನನ್ನ ತಾನು ಯಾವಾಗಲೂ ಇನ್ನೊಬ್ಬರ ಕಣ್ಣಿಂದ ನೋಡಿಕೊಳ್ಳೋ ಇಬ್ಬಗೆಯ ಪ್ರಜ್ಞೆ. ಅಂಬೇಡ್ಕರ್ 1946ರಲ್ಲಿ ಡುಬಾಯ್ಸ್‌ಗೆ ಕಾಗದ ಬರೆದು, ನಿಮ್ಮ ಜನರ ಸ್ಥಿತಿಗೂ ನಮ್ಮ ಜನರ ಸ್ಥಿತಿಗೂ ಬಹಳ ಹೋಲಿಕೆ ಇದೆ ಅಂದ್ರು. ಡುಬಾಯ್ಸ್ ಉತ್ತರವನ್ನೂ ಕೊಟ್ರು. ಹಾಗಾಗಿ ಅಮೆರಿಕ ನಮಗೆ ದೂರದ್ದಲ್ಲ. ಇನ್ನೊಂದು ವಿಷಯ ಹೇಳ್ತೀನಿ ಕೇಳು. ನಿಮ್ಮ ಹಾಡಿಗಳಿಂದ ಸ್ವಲ್ಪ ದೂರದಲ್ಲೇ, ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರಿದ್ದಾರೆ. ಹುಣಸೂರಿನ ಗುರುಪುರದಲ್ಲೂ ಇದ್ದಾರೆ. ಅವರ ಮಕ್ಕಳೂ ‘ನಾನು ಯಾರು’ ಅನ್ನೋ ಪ್ರಶ್ನೆ ಹೊತ್ತುಕೊಂಡೇ ಬೆಳೀತಾರೆ. ಹುಟ್ಟಿದ್ದು ಇಲ್ಲಿ, ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡ್ತಾರೆ, ಆದರೂ ಬಹಳಷ್ಟು ಜನರ ಕೈಯಲ್ಲಿರೋದು ವಿದೇಶಿಯರ ನೋಂದಣಿ ಪತ್ರ.

ಶಿಷ್ಯೆ: ಪದವಿಯಲ್ಲಿ ನನ್ನ ಜೊತೆ ಬೈಲುಕುಪ್ಪೆಯ ಹುಡುಗಿಯೊಬ್ಬಳಿದ್ದಳು. ಅವಳಿಗೆ ದೇಶ ಇಲ್ಲ ಅನ್ನೋ ನೋವಿತ್ತು. ಆದರೆ ಅವಳ ಶಾಲೆಯಲ್ಲಿ ಅವಳ ಭಾಷೆ ಇತ್ತು, ಅವಳ ಚರಿತ್ರೆ ಇತ್ತು, ಅವಳ ಜನರ ಹಾಡಿಗೆ ವೇದಿಕೆ ಇತ್ತು. ನನಗೆ ದೇಶ ಇತ್ತು, ಮತದಾರರ ಪಟ್ಟಿಯಲ್ಲಿ ಹೆಸರಿತ್ತು. ನನ್ನ ಶಾಲೆಯಲ್ಲಿ ನಾನಿರಲಿಲ್ಲ. ಎಲ್ಲಿಂದಲೋ ಬಂದು ನೆಲೆ ಕಟ್ಟಿಕೊಂಡವರು ತಮ್ಮ ಮಕ್ಕಳಿಗೆ ಇಷ್ಟು ಮಾಡಿಕೊಂಡ್ರು, ಅದಕ್ಕೆ ನನಗೆ ಗೌರವ ಇದೆ. ಇದೇ ಮಣ್ಣಿನವರಿಗೆ ಅದು ಯಾಕೆ ಸಿಗಲಿಲ್ಲ ಅಂತ ಕೇಳೋ ಹಕ್ಕೂ ನನಗಿದೆ.

ಮೇಷ್ಟ್ರು: ಮಣ್ಣೇ ಕೈತಪ್ಪಿತಲ್ಲಮ್ಮ. 1974ರಲ್ಲಿ ಕಬಿನಿ ಅಣೆಕಟ್ಟು. ವನ್ಯಜೀವಿ ಕಾಯ್ದೆ ಬಂದ ಮೇಲೆ ನಾಗರಹೊಳೆಯಿಂದ ಹಾಡಿಗಳು ಹೊರಗೆ. ಹೈಕೋರ್ಟಿನ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿ, ಹೀಗೆ ನೆಲೆ ತಪ್ಪಿದ 3,418 ಕುಟುಂಬಗಳ ಲೆಕ್ಕ ಕೊಟ್ಟಿತು. ನಮ್ಮ ಹುಣಸೂರಿನ ಕಲ್ಲಹಳ್ಳಿಯವರೇ ಆದ ದೇವರಾಜ ಅರಸರು 1974ರಲ್ಲಿ ಉಳುವವನಿಗೆ ಭೂಮಿ ಕೊಟ್ಟರು. ಅದು ಲಕ್ಷಾಂತರ ಗೇಣಿದಾರರ ಬಾಳು ಬದಲಿಸಿತು. ಕಾಡಿನವರು ಯಾರ ಗೇಣಿಯನ್ನೂ ಮಾಡಿರಲಿಲ್ಲವಾದ್ದರಿಂದ ಆ ಕಾನೂನು ಅವರ ಬಾಗಿಲಿಗೆ ಬರಲೇ ಇಲ್ಲ. ಅರಣ್ಯ ಹಕ್ಕು ಕಾಯ್ದೆ ಬರೋಕೆ 2006 ಆಗಬೇಕಾಯ್ತು.

ಶಿಷ್ಯೆ: ಅದೇ ಹುಣಸೂರಿನ ವೀರನಹೊಸಹಳ್ಳಿ ನೋಡಿ. ಪ್ರತಿ ವರ್ಷ ದಸರಾ ಗಜಪಯಣ ಹೊರಡೋದು ಅಲ್ಲಿಂದ. ಮಂತ್ರಿಗಳು ಹೂ ಹಾಕ್ತಾರೆ, ಟಿ.ವಿ.ಗಳು ಸಾಲಾಗಿ ನಿಂತಿರ್ತಾವೆ. ಬಲರಾಮ, ಅರ್ಜುನ, ಅಭಿಮನ್ಯು, ಈ ಹೆಸರುಗಳನ್ನ ಕರ್ನಾಟಕದ ಯಾವ ಮಗುವನ್ನ ಕೇಳಿದ್ರೂ ಹೇಳುತ್ತೆ. 750 ಕೆ.ಜಿ. ಅಂಬಾರಿ ಹೊತ್ತ ಆನೆ ಹೇಗೆ ನಡೀತು, ಎಷ್ಟು ತೂಕ ಬಂತು, ಏನು ತಿಂತು, ಎಲ್ಲ ಸುದ್ದಿ. ಅದರ ಕಿವಿ ಹಿಂದೆ ಕಾಲಿಟ್ಟು ಕೂತ ಮಾವುತರಲ್ಲಿ, ಕಾವಾಡಿಗಳಲ್ಲಿ ಬಹಳ ಮಂದಿ ನಮ್ಮ ಜನ. ಅವರ ಹೆಂಡತಿ ಮಕ್ಕಳೂ ಜೊತೆಗೆ ಬಂದು ಅರಮನೆ ಆವರಣದಲ್ಲಿ ಬಿಡಾರ ಹೂಡ್ತಾರೆ. ಮಕ್ಕಳ ಪಾಠ ತಪ್ಪಬಾರದು ಅಂತ ಅಲ್ಲೇ ಟೆಂಟ್ ಶಾಲೆ ನಡೆಸ್ತಾರೆ. ಒಳ್ಳೆ ಕೆಲಸ. ಆ ಶಾಲೆಯಲ್ಲಿ ಕೂತ ಹುಡುಗನನ್ನ ಊಹಿಸಿಕೊಳ್ಳಿ. ಆಚೆ ಸಾವಿರಾರು ಜನ ಅವನಪ್ಪನ ಆನೆಯ ಫೋಟೋ ತೆಗೀತಿರ್ತಾರೆ. ಮೈಸೂರು ಅರಮನೆಯ ಅಂಗಳದಲ್ಲಿ ಅವನು ಬಾಲ್ಯದ ಎಷ್ಟೋ ದಸರಾ ಕಳೆದಿದ್ದಾನೆ. ಆ ಹುಡುಗನ ಕಣ್ಣಿಂದ ದಸರಾ ಹೇಗೆ ಕಾಣುತ್ತೆ ಅನ್ನೋ ಕಾದಂಬರಿ ಕನ್ನಡದಲ್ಲಿ ನಾನು ಓದಿಲ್ಲ. ಬಂದ್ರೆ ಅದು ಯಾವ ‘ಹಕಲ್‌ಬರಿ ಫಿನ್’ಗೂ ಕಡಿಮೆ ಆಗಲ್ಲ ಸರ್.

ಮೇಷ್ಟ್ರು: ಅದು ಹೊರಗಿನವರು ಬರೆದ್ರೆ ಆಗಲ್ಲ ಅಂತೀಯಾ?

ಶಿಷ್ಯೆ: ಯಾರು ಬೇಕಾದ್ರೂ ಬರೀಲಿ. ಆದರೆ ಒಳಗಿಂದ ಬಂದಾಗ ಏನು ಬದಲಾಗುತ್ತೆ ಅಂತ ನಾವು ಈಗಾಗಲೇ ನೋಡಿದ್ದೀವಿ. 1973ರ ನವೆಂಬರ್‌ನಲ್ಲಿ ಮೈಸೂರಲ್ಲೇ, ಆಗ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದ್ರು. ಗಲಭೆ ಆಯ್ತು, ದಲಿತ ವಿದ್ಯಾರ್ಥಿಗಳಿಗೆ ಹೊಡೆದ್ರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯ್ತು. ಆ ಬೆಂಕಿಯಿಂದ ಎದ್ದ ತಲೆಮಾರು ಬರೆದದ್ದನ್ನ ನೋಡಿ. ದೇವನೂರರ ‘ಅಮಾಸ’ ಕಥೆಯಲ್ಲಿ ಮಾರಿಗುಡಿಯೇ ಮನೆ ಮಾಡಿಕೊಂಡು ಮುದುಕ ಕುರಿಯಯ್ಯನ ಜೊತೆ ಬೆಳೆಯೋ ಹುಡುಗ ಇದ್ದಾನಲ್ಲ, ಅವನು ಯಾರ ಕರುಣೆಗೂ ಕಾದು ನಿಂತಿಲ್ಲ. ಹುಲಿವೇಷ ಹಾಕಿ ಕುಣೀತಾನೆ. ಅರವಿಂದ ಮಾಲಗತ್ತಿಯವರು ಮೀಸಲಾತಿ ಪಡೆದವರನ್ನ ಹಂಗಿಸೋ ಮಾತನ್ನೇ ಎತ್ತಿಕೊಂಡು ತಮ್ಮ ಆತ್ಮಕಥೆಗೆ ‘ಗೌರ್ಮೆಂಟ್ ಬ್ರಾಹ್ಮಣ’ ಅಂತ ಹೆಸರಿಟ್ಟರು. ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದುವಾಗ ಎಷ್ಟು ನಗು ಬರುತ್ತೆ! ಹಸಿವು, ಅವಮಾನ ಎಲ್ಲ ಅದರಲ್ಲಿದೆ. ಆದರೆ ಆ ಹುಡುಗ ಹಸಿವು ಅವಮಾನ ಮಾತ್ರ ಅಲ್ಲ. ಚೇಷ್ಟೆ ಮಾಡ್ತಾನೆ, ದೆವ್ವ ಹುಡುಕ್ತಾನೆ, ಭಾಷಣ ಬಿಗೀತಾನೆ.

ಮೇಷ್ಟ್ರು: ಆ ಹುಡುಗನಿಗೆ ಹಾಸ್ಟೆಲ್ ಸಿಕ್ಕಿತ್ತು ಅನ್ನೋದನ್ನ ಮರೀಬೇಡ. ಪುಸ್ತಕ ಮನಸ್ಸನ್ನ ಬೆಳೆಸುತ್ತೆ, ನಿಜ. ಅದಕ್ಕೆ ಮುಂಚೆ ಒಂದು ಚಾಪೆ, ಒಂದು ತಟ್ಟೆ ಅನ್ನ, ರಾತ್ರಿ ಓದೋಕೆ ಒಂದು ದೀಪ ಬೇಕು. ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟ ಕಾಲ, ಅರಸರ ಸರ್ಕಾರ ಹಿಂದುಳಿದವರ ಹಾಸ್ಟೆಲ್‌ಗಳನ್ನ ಹೆಚ್ಚಿಸಿದ ಕಾಲ, ನಾನು ಕಣ್ಣಾರೆ ಕಂಡಿದ್ದೀನಿ. ಅಲ್ಲೀತನಕ ಕಾಲೇಜು ಮೆಟ್ಟಿಲು ಹತ್ತದಿದ್ದ ಮನೆಗಳ ಹುಡುಗರು ಸಾಲು ಸಾಲಾಗಿ ಬಂದ್ರು. ಕನ್ನಡದ ಹೊಸ ಸಾಹಿತ್ಯ ಅರ್ಧ ಹಾಸ್ಟೆಲ್ ರೂಮುಗಳಲ್ಲಿ ಹುಟ್ಟಿದ್ದು ಅಂತ ಧಾರಾಳವಾಗಿ ಹೇಳಬಹುದು.

ಶಿಷ್ಯೆ: ಹೌದು ಸರ್. ಪುಸ್ತಕ ಕೈಗೆ ಸಿಗೋದೂ ಅಷ್ಟೇ ದೊಡ್ಡ ವಿಷಯ. ರಿಚರ್ಡ್ ರೈಟ್ ‘ಬ್ಲ್ಯಾಕ್ ಬಾಯ್’ನಲ್ಲಿ ಬರೆದದ್ದನ್ನ ನಾನು ಪ್ರತಿ ವರ್ಷ ಹೇಳ್ತೀನಿ. ಮೆಂಫಿಸ್ ಊರಿನ ಗ್ರಂಥಾಲಯದಲ್ಲಿ ಕಪ್ಪು ಜನರಿಗೆ ಪುಸ್ತಕ ಕೊಡಲ್ಲ. ಹುಡುಗ ರೈಟ್, ಜೊತೆಯಲ್ಲಿ ಕೆಲಸ ಮಾಡೋ ಬಿಳಿಯನೊಬ್ಬನ ಕಾರ್ಡು ಇಸಕೊಳ್ತಾನೆ. ಆ ಬಿಳಿಯನೇ ಬರೆದ ಹಾಗೆ ಚೀಟಿ ಬರ್ಕೊಂಡು ಹೋಗ್ತಾನೆ. ಅನುಮಾನ ಬರಬಾರದು ಅಂತ ಆ ಚೀಟಿಯಲ್ಲಿ ತನ್ನನ್ನೇ ಹೀನಾಯವಾಗಿ ಕರಕೊಂಡಿರ್ತಾನೆ. ಗ್ರಂಥಪಾಲಕಿ ಕೇಳಿದ್ರೆ ತನಗೆ ಓದೋಕೆ ಬರಲ್ಲ ಅಂತಾನೆ. ಓದೋಕೋಸ್ಕರ ಓದು ಬಾರದವನ ಹಾಗೆ ನಟಿಸಬೇಕು! ಇದನ್ನ ಹೇಳುವಾಗ ಕ್ಲಾಸು ಗಪ್‌ಚುಪ್ ಆಗುತ್ತೆ. ಆಮೇಲೆ ‘ನಮ್ಮ ತಾಲ್ಲೂಕು ಗ್ರಂಥಾಲಯದ ಕಾರ್ಡು ಯಾರ್ಯಾರ ಹತ್ರ ಇದೆ?’ ಅಂತ ಕೇಳ್ತೀನಿ. ನಮಗೆ ಯಾರೂ ಬಾಗಿಲು ಹಾಕಿಲ್ಲ. ಒಳಗೆ ಹೋಗಬಹುದು ಅಂತ ಯಾರೂ ಹೇಳಿಯೂ ಇಲ್ಲ. ಮುಂದಿನ ವಾರ ನಾನೇ ಕರಕೊಂಡು ಹೋಗಿ ಅರ್ಜಿ ತುಂಬಿಸ್ತೀನಿ.

ಮೇಷ್ಟ್ರು: ಅದು ಮೇಷ್ಟ್ರ ಕೆಲಸ. ಸರಿ, ಹಾಡಿಯ ಮಕ್ಕಳು ಬರೀಬೇಕು ಅಂದೆ. ಏನು ಬರೆಸ್ತೀಯಾ? ಅವರ ಕಷ್ಟವನ್ನಾ?

ಶಿಷ್ಯೆ: ಅದೊಂದನ್ನೇ ಬರೆಸಲ್ಲ. ಅದರ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೀನಿ. ಆದಿವಾಸಿ ಅಂದ ತಕ್ಷಣ ಓದುಗರಿಗೆ ಕಣ್ಣೀರು ಬೇಕು, ಇಲ್ಲ ಕಾಡಿನ ಕುಣಿತ ಬೇಕು. ಎರಡೂ ಬೇರೆಯವರು ನಮಗಾಗಿ ಹೊಲಿದಿಟ್ಟ ಅಂಗಿ. ನನ್ನ ಮಕ್ಕಳು ಹೆಜ್ಜೇನು ಇಳಿಸೋ ರಾತ್ರಿಯ ಬಗ್ಗೆ ಬರೀಲಿ, ಲೈನ್ ಮನೆಯಲ್ಲಿ ಮೊಬೈಲ್‌ನಲ್ಲಿ ನೋಡಿದ ಸಿನಿಮಾ ಬಗ್ಗೆ ಬರೀಲಿ, ಅಜ್ಜಿಯ ಮೇಲಿನ ಸಿಟ್ಟು, ಮೊದಲ ಪ್ರೀತಿ, ಕ್ರಿಕೆಟ್ಟು, ಆನೆಯ ಭಯ, ಗಣಿತದ ಭಯ, ಎಲ್ಲ ಬರೀಲಿ. ಮಾರಿಸನ್ ಕಾದಂಬರಿಯಲ್ಲಿ ಪೆಕೋಲಾ ಮುರಿದುಹೋಗ್ತಾಳೆ. ಆದರೆ ಅವಳ ಕಥೆ ಹೇಳೋ ಕ್ಲಾಡಿಯಾ ಮುರಿಯಲ್ಲ. ಹಬ್ಬಕ್ಕೆ ಬಿಳಿ ಗೊಂಬೆ ಕೊಟ್ರೆ ಅದರ ಕೈಕಾಲು ಕಿತ್ತು ಒಳಗೇನಿದೆ ನೋಡ್ತಾಳೆ. ಎಲ್ಲರೂ ಇದನ್ನೇ ಚೆಂದ ಅಂತಾರಲ್ಲ, ಆ ಚೆಂದ ಎಲ್ಲಿದೆ ಅಂತ ಹುಡುಕ್ತಾಳೆ. ನನಗೆ ಬೇಕಾಗಿರೋದು ಆ ಹುಡುಗಿ.

ಮೇಷ್ಟ್ರು: ಒಪ್ಪಿದೆ. ಹಾಗಿದ್ರೆ ಸ್ಕೌಟ್, ಹಕ್, ನನ್ನ ಇಷ್ಟದ ಅಟಿಕಸ್, ಇವರನ್ನೆಲ್ಲ ಎಲ್ಲಿಡ್ತೀಯಾ? ಅಟಿಕಸ್ ಬಗ್ಗೆ 2015ರಲ್ಲಿ ಹೊಸ ಸಂಗತಿಯೂ ಹೊರಬಿತ್ತಲ್ಲ. ‘ಗೋ ಸೆಟ್ ಎ ವಾಚ್‌ಮನ್’ ಪ್ರಕಟವಾದಾಗ, ಅದರಲ್ಲಿನ ಮುದಿ ಅಟಿಕಸ್ ಕಪ್ಪು ಜನರ ಸಮಾನತೆಗೆ ಅಡ್ಡ ನಿಂತವನು ಅಂತ ಓದಿ ಎಷ್ಟೋ ಜನ ಬೇಜಾರು ಮಾಡಿಕೊಂಡ್ರು.

ಶಿಷ್ಯೆ: ಆ ಪುಸ್ತಕ ಬಂದದ್ದು ಒಳ್ಳೇದೇ ಆಯ್ತು ಸರ್. ಒಬ್ಬ ಒಳ್ಳೆ ವಕೀಲ ಸಿಕ್ಕಿಬಿಟ್ರೆ ಎಲ್ಲ ಸರಿಹೋಗುತ್ತೆ ಅನ್ನೋ ನೆಮ್ಮದಿ ಹೋಯ್ತು. ದೊಡ್ಡವಳಾದ ಸ್ಕೌಟ್ ಅಪ್ಪನ ಎದುರು ನಿಂತು ಜಗಳ ಆಡಬೇಕಾಯ್ತು. ನಿಜವಾದ ಬೆಳವಣಿಗೆ ಅದೇ ಅಲ್ವಾ? ಈಗ ಕೇಳಿ, ನಾನು ಏನು ಮಾಡ್ಬೇಕು ಅಂತಿದ್ದೀನಿ ಅಂದ್ರೆ, ಬರೆಯೋ ಕೆಲಸ ಹಾಡಿಯವರಿಗೆ, ಕೇರಿಯವರಿಗೆ ಮಾತ್ರ ಕೊಡಲ್ಲ. ಗೌಡರ ಹುಡುಗನೂ ಬರೀಬೇಕು. ಅವನಿಗೆ ಪ್ರಶ್ನೆ ಬೇರೆ: ಯಾರ ಮನೇಲಿ ನೀರು ಕುಡೀಬಾರದು ಅಂತ ನಿನಗೆ ಮೊದಲು ಗೊತ್ತಾಗಿದ್ದು ಯಾವಾಗ? ಯಾರು ಹೇಳಿದ್ರು? ಕೂಲಿಗೆ ಬಂದವರಿಗೆ ನಿಮ್ಮನೇಲಿ ಕಾಫಿ ಕೊಡೋ ಲೋಟ ಎಲ್ಲಿರುತ್ತೆ? ನೀನು ಅದರ ಬಗ್ಗೆ ಯಾವತ್ತಾದ್ರೂ ಅಜ್ಜಿಯನ್ನ ಕೇಳಿದ್ದೀಯಾ?

ಮೇಷ್ಟ್ರು: ಕಷ್ಟದ ಪ್ರಶ್ನೆಗಳು. ಮನೆಯವರು ಕಾಲೇಜಿಗೆ ಬಂದು ಜಗಳ ತೆಗೆದಾರು.

ಶಿಷ್ಯೆ: ತೆಗೀಲಿ, ಮಾತಾಡೋಣ. ನೋಡಿ ಸರ್, ಇಷ್ಟು ದಿನ ಪೂರ್ವಗ್ರಹದ ಬಗ್ಗೆ ಬರೆಯೋ ಹೊಣೆ ಅದನ್ನ ಅನುಭವಿಸಿದವರದ್ದೇ ಆಗಿತ್ತು. ಗಾಯ ತೋರಿಸಬೇಕಾದ್ದು ನಾವು, ಮರುಕಪಟ್ಟು ಮನೆಗೆ ಹೋಗೋದು ಅವರು. ಸ್ಕೌಟ್, ಹಕ್ ನನ್ನ ತರಗತಿಯಲ್ಲಿ ಉಳಿಯೋದು ಅವರಿಗಾಗಿ. ಮನೆಯಲ್ಲಿ ಕಲಿತದ್ದನ್ನ ಹೇಗೆ ಬಿಡಬೇಕು, ಬಿಡುವಾಗ ಎಷ್ಟು ಭಯ ಆಗುತ್ತೆ, ಹಕ್‌ಗೆ ನರಕದ ಭಯ ಆದ ಹಾಗೆ ಇವನಿಗೆ ಅಪ್ಪನ ಭಯ, ಊರಿನ ಭಯ. ಆ ಭಯ ನಿಜವಾದದ್ದು, ಅದನ್ನ ಅವನು ಬರೆದು ನೋಡಿಕೊಳ್ಳಲಿ. ಜಿಟ್ಕಲಾ ಶಾ, ರೈಟ್, ಕ್ಲಾಡಿಯಾ, ಸಿದ್ಧಲಿಂಗಯ್ಯ, ಇವರು ಹಾಡಿಯ ಹುಡುಗಿಗಾಗಿ. ಬೇರೆಯವರು ತನ್ನ ಬಗ್ಗೆ ಬರೆದಿಟ್ಟದ್ದನ್ನ ಹೊಡೆದು ಹಾಕಿ ತಾನೇ ಬರೆಯೋ ಧೈರ್ಯ ಅವಳಿಗೆ ಅಲ್ಲಿ ಸಿಗಲಿ. ಆಮೇಲೆ ಪುಸ್ತಕಗಳನ್ನ ಅದಲು ಬದಲು ಮಾಡ್ತೀನಿ. ಇವನ ಪುಸ್ತಕ ಅವಳು, ಅವಳ ಪುಸ್ತಕ ಇವನು.

ಮೇಷ್ಟ್ರು: ಇಬ್ಬರೂ ಒಂದೇ ಬೆಂಚಿನಲ್ಲಿ ಕೂರ್ತಾರಾ?

ಶಿಷ್ಯೆ: ಕೂರಿಸ್ತೀನಿ. ನನಗೆ ಇದು ದೊಡ್ಡ ಕ್ರಾಂತಿ ಅಂತೇನೂ ಅನ್ನಿಸಲ್ಲ. ಅಣೆಕಟ್ಟಿನಲ್ಲಿ ಮುಳುಗಿದ್ದು ಇದರಿಂದ ವಾಪಸ್ ಬರಲ್ಲ, ಅರಣ್ಯ ಹಕ್ಕಿನ ಅರ್ಜಿಗಳು ಇದರಿಂದ ಮಂಜೂರಾಗಲ್ಲ, ಅದಕ್ಕೆ ಬೇರೆ ಹೋರಾಟ ಇದೆ, ಅದು ನಡೀತಿದೆ. ಆದರೆ ನಾಳೆ ಇದೇ ಹುಡುಗರು ಇದೇ ತಾಲ್ಲೂಕಿನಲ್ಲಿ ಮೇಷ್ಟ್ರಾಗ್ತಾರೆ, ಫಾರೆಸ್ಟ್ ಗಾರ್ಡ್ ಆಗ್ತಾರೆ, ಪಂಚಾಯ್ತಿ ಸದಸ್ಯರಾಗ್ತಾರೆ, ಹಾಜರಿ ಪುಸ್ತಕ ಅವರ ಕೈಗೆ ಬರುತ್ತೆ. ಜನವರಿಯಲ್ಲಿ ಗೈರಾದ ಮಗುವಿನ ಹೆಸರಿನ ಮುಂದೆ ಅವರು ಏನು ಬರೀತಾರೆ ಅನ್ನೋದು ಇವತ್ತು ಅವರು ಏನು ಓದಿದ್ರು, ಏನು ಬರೆದ್ರು ಅನ್ನೋದರ ಮೇಲೆ ನಿಂತಿದೆ. ಅಷ್ಟಾದರೂ ಬದಲಾಗುತ್ತೆ ಅನ್ನೋ ನಂಬಿಕೆ ಇಲ್ಲದಿದ್ರೆ ನಾನು ಸಾಹಿತ್ಯ ಪಾಠ ಮಾಡ್ತಿರಲಿಲ್ಲ ಸರ್.

ಮೇಷ್ಟ್ರು: ಹಾಗಾದ್ರೆ ಪಠ್ಯಸೂಚಿ ಮಂಡಳಿಗೆ ಒಂದು ಅರ್ಜಿ ಬರೆಯೋಣ. ‘ಮಾಕಿಂಗ್‌ಬರ್ಡ್’ ಇರಲಿ, ಜೊತೆಗೆ ಜಿಟ್ಕಲಾ ಶಾ ಬರಲಿ ಅಂತ. ನಿನ್ನ ಸಹಿ ಮೊದಲು, ಆಮೇಲೆ ನನ್ನದು.